ಐದರ ನಡುವಿನ ಚುಕ್ಕೆ

ನನ್ನ ಜಗಳಗಂಟಿ ಅಜ್ಜಿ ಎರ್ಮೆಲಿಂಡಾಗೆ,

ಇವತ್ತು ನಾನು ಕೆಲಸ ಮಾಡುವ ಸಲೂನಿನ ಗೀಸರ್ ಕೆಟ್ಟಿತ್ತು. ನಮ್ಮ ದ್ವೀಪ ಬಿಟ್ಟು ಬಂದ ಈ ಚಿಲಿ ದೇಶದ ಚಳಿಯಲ್ಲಿ ದಿನವಿಡೀ ಜನರ ತಲೆ ತೊಳೆದು ನನ್ನ ಬೆರಳು ಮರಗಟ್ಟಿವೆ. ಒಬ್ಬಳು ಗಿರಾಕಿ, "ನಿಮ್ಮ ದ್ವೀಪದಲ್ಲಿ ನೀರು ಕಾಯಿಸೋದು ಕಲಿಸಲ್ವಾ?" ಅಂದಳು. "ನಮ್ಮಲ್ಲಿ ಸೂರ್ಯನೇ ಕಾಯಿಸಿಕೊಡ್ತಾನೆ ಕಣಮ್ಮಾ" ಅಂದೆ. ಬಸ್ಸಿನಲ್ಲಿ ಸೀಟೂ ಸಿಗಲಿಲ್ಲ. ನೇತಾಡುತ್ತಾ ನಿಂತಿದ್ದಾಗಲೇ ನುರಿಸ್ ಅತ್ತೆಯ ಫೋನು: "ನಿಮ್ಮಜ್ಜಿ ನಾಳೆ ಕಣ್ಣಿನ ಆಸ್ಪತ್ರೆಗೆ ಬರಲ್ವಂತೆ. ಮೇಲಿನ ಕೇರಿಯವರ ಜೊತೆ ಡಾಮಿನೊ ಪಂದ್ಯ ಇದೆಯಂತೆ."

ಅದಕ್ಕೇ ಈ ರಾತ್ರಿ ಹೊತ್ತಿನಲ್ಲಿ ಫೋನಿನೊಳಗೆ ಮಾತು ತುಂಬಿಸುತ್ತಿದ್ದೇನೆ. ಬೆಳಿಗ್ಗೆ ಅತ್ತೆ ನಿನ್ನ ಕಿವಿಗೆ ಹಿಡಿಯುತ್ತಾಳೆ. ಪೂರ್ತಿ ಕೇಳು.

ಕಳೆದ ವರ್ಷ ಡಾಮಿನೊದಲ್ಲಿ ನಾಲ್ಕು ಚುಕ್ಕೆಗೆ ನಾಲ್ಕನ್ನೇ ಜೋಡಿಸುವ ಬದಲು ನೀನು ಐದನ್ನು ಜೋಡಿಸಿದ್ದು ನೆನಪಿದೆಯಾ? ಅಂಗಡಿ ಮುಂದೆ ಎಲ್ಲರೂ ಹೋ ಎಂದರು. ನಿನ್ನ ಜೋಡಿ ಆಟಗಾರ ತಿಯೋಫಿಲೊ ತಾತ ಟೋಪಿ ಕಿತ್ತೆಸೆದು, "ಎರ್ಮೆಲಿಂಡಾ, ಈ ವಯಸ್ಸಲ್ಲಿ ಕಳ್ಳಾಟನಾ?" ಎಂದು ಕೂಗಿದರು. ನೀನು ಬಿಲ್ಲೆಯ ಬಣ್ಣ ಸವೆದಿದೆ ಅಂತ ವಾದಿಸಿದೆ. ಹೊಸ ಬಿಲ್ಲೆಗಳು ಬಂದವು. ನಿನ್ನ ಕಣ್ಣಿಗೆ ಅವುಗಳಲ್ಲೂ ಐದರ ನಡುವಿನ ಚುಕ್ಕೆ ಇರಲಿಲ್ಲ.

ಕಣ್ಣಿನ ಹಿಂದಿನ ಪರದೆಯ ಕೆಳಗೆ ಬೇಡದ ರಕ್ತನಾಳಗಳು ಹುಟ್ಟಿ ಸೋರುತ್ತಿವೆ, ಅದರಿಂದಲೇ ನೋಟದ ನಡುಭಾಗ ಮಸುಕಾಗಿದೆ ಎಂದರು ಕಣ್ಣಾಸ್ಪತ್ರೆಯ ಡಾಕ್ಟರಮ್ಮ. ಸೋರುವುದನ್ನು ತಡೆಯುವ ಔಷಧಿಯನ್ನು ಕಣ್ಣಿನೊಳಕ್ಕೇ ಚುಚ್ಚಬೇಕು. "ನಾನು ಸತ್ತ ಮೇಲೆ ಚುಚ್ಚಿ!" ಅಂತ ನೀನು ಇಡೀ ಆಸ್ಪತ್ರೆಗೆ ಕೇಳುವಂತೆ ಕಿರುಚಿದೆಯಂತೆ. ಹನಿ ಬಿಟ್ಟು ಮರಗಟ್ಟಿಸಿ ಚುಚ್ಚಿದ ಮೇಲೆ, "ಇಷ್ಟೇನಾ? ನಮ್ಮನೆ ಸೊಳ್ಳೆ ಇದಕ್ಕಿಂತ ಜೋರು" ಅಂದೆಯಂತೆ. ಕೆಲವು ತಿಂಗಳು ಕಳೆದು ಒಂದು ದಿನ ಫೋನಿನಲ್ಲಿ, "ಯೆಸೇನಿಯ, ಐದು ಐದಾಗೇ ಕಾಣ್ತಿದೆ ಕಣೇ!" ಅಂದೆ. ಆವತ್ತು ನಾನು ಗಿರಾಕಿಯ ತಲೆಗೆ ನೊರೆ ಹಚ್ಚುತ್ತಲೇ ಅತ್ತುಬಿಟ್ಟೆ.

ಈಗ "ಕಾಣ್ತಿದೆಯಲ್ಲ, ಇನ್ನೇಕೆ ಸೂಜಿ?" ಅನ್ನುತ್ತೀಯ. ಕಾಣುತ್ತಿರುವುದು ಸೂಜಿಯಿಂದಲೇ ಅಜ್ಜಿ. ಕಾಯಿಲೆ ಹೋಗಿಲ್ಲ, ತೆಪ್ಪಗೆ ಕೂತಿದೆ. ನಡುವೆ ಬಿಟ್ಟರೆ ಮತ್ತೆ ಸೋರುತ್ತದೆ. ಆಮೇಲೆ ಕಳೆದುಹೋದ ನೋಟವನ್ನು ಯಾವ ಸೂಜಿಯೂ ವಾಪಸು ತಂದುಕೊಡದಿರಬಹುದು.

ಪಂದ್ಯ ಮುಂದಕ್ಕೆ ಹಾಕಿ ಅಂತ ಕೇಳಲು ತಿಯೋಫಿಲೊ ತಾತನಿಗೆ ಫೋನು ಮಾಡಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ದನಿ ತಗ್ಗಿಸಿ, "ಮಗಳೇ, ನಿಮ್ಮಜ್ಜಿ ಹೇಳಿಕೊಟ್ಟ ಹಾಗೆ ಒಂದೊಂದೇ ಕಣ್ಣು ಮುಚ್ಚಿ ಕಿಟಕಿಯ ಅಡ್ಡಪಟ್ಟಿಗಳನ್ನ ನೋಡ್ದೆ. ಎಡಗಣ್ಣಿಗೆ ನೆಟ್ಟಗವೆ. ಬಲಗಣ್ಣಿಗೆ ಹಾವಿನ ಥರ ಬಳುಕ್ತಾವೆ. ಅವಳಿಗೆ ಹೇಳ್ಬೇಡ. ನಂಗೆ ಸೂಜಿ ಅಂದ್ರೆ ಹೆದರಿಕೆ" ಎಂದರು.

ಹೇಳಬೇಡ ಅಂದರು, ಹೇಳುತ್ತಿದ್ದೇನೆ. ಎರಡೂ ಕಣ್ಣು ತೆರೆದಿದ್ದರೆ ಒಳ್ಳೇ ಕಣ್ಣು ಕೆಟ್ಟದ್ದರ ತಪ್ಪು ಮುಚ್ಚಿಹಾಕುತ್ತದೆ ಅಂತ ಅವರಿಗೆ ಕಲಿಸಿದ್ದು ನೀನು. ಆ ಡಾಕ್ಟರಮ್ಮನ ಬಾಗಿಲು ಗೊತ್ತಿರುವುದೂ ನಿನಗೇ. ತಡವಾದಷ್ಟೂ ಅವರ ಕಣ್ಣಿಗೆ ನಷ್ಟ. ಅವರನ್ನೂ ಜೊತೆಗೆ ಕರೆದುಕೊಂಡು ಹೋಗು. ಮೊದಲು ನೀನು ಚುಚ್ಚಿಸಿಕೊಂಡು ನಗುತ್ತಾ ಹೊರಗೆ ಬಾ, ಆಗ ಅವರು ಒಳಗೆ ಹೋಗಿ ತೋರಿಸಿಕೊಳ್ಳುತ್ತಾರೆ. ದಾರಿಯುದ್ದಕ್ಕೂ ಬೇಕಾದಷ್ಟು ಬೈಯಿ, ಅವರಿಗೂ ಧೈರ್ಯ ಬರುತ್ತದೆ. ಪಂದ್ಯ ಭಾನುವಾರಕ್ಕಿರಲಿ, ಮೇಲಿನ ಕೇರಿಯವರು ಆವತ್ತು ಸೋಲಲಿ.

ನನ್ನನ್ನು ಹರಸು ಅಜ್ಜಿ, ಬೆರಳುಗಳು ಬೆಚ್ಚಗಿರಲಿ ಅಂತ. ದೇವರು ನಿಮ್ಮಿಬ್ಬರ ಕಣ್ಣುಗಳನ್ನೂ ಕಾಯಲಿ.

ನಿನ್ನ ಯೆಸೇನಿಯ

ಆಸ್ಪತ್ರೆಯಿಂದ ಮನೆಗೆ ಬಂದು ಸುಧಾರಿಸಿಕೊಂಡ ಮೇಲೆ ಇಬ್ಬರೂ ಸೇರಿ ಕರೆ ಮಾಡಿ. ಸಂಜೆ ಏಳಕ್ಕೆ.