ಕಿತ್ತಳೆ ಟೋಪಿಗೆ ಚಪ್ಪಾಳೆ

ಹಡಗಿನಿಂದ, ಕ್ವಿಬೆಕ್ ದಾರಿಯಲ್ಲಿ
ಅಕ್ಟೋಬರ್ ೯, ಸೋಮವಾರ ಮಧ್ಯಾಹ್ನ

ಪ್ರೀತಿಯ ಲೊರೆಟ್ಟಾ ಅಕ್ಕನಿಗೆ,

ನಿನ್ನ ಮಂಡಿನೋವು ಹೇಗಿದೆ? ನಮ್ಮ ಬೆಕ್ಕು ನಿನ್ನ ಮನೆಯೊಳಗೆ ಬರುತ್ತೇನೆಂದು ಹಟ ಹಿಡಿದರೆ ಬಿಟ್ಟುಕೋ, ಎಷ್ಟು ಬೈದರೂ ಅದಕ್ಕೆ ನಾಟುವುದಿಲ್ಲ. ನಾವು ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆದೇ ಸುಳ್ಳಿಗೆ ನಾಂದಿ ಹಾಡಿದೆ ನೋಡು.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಮಾತು ಹಾರಿಸುತ್ತೇನೆ. ಅದಕ್ಕೇ ಕಾಗದ. ನಾಳೆ ಕ್ವಿಬೆಕ್‌ನಲ್ಲಿ ಅಂಚೆಗೆ ಹಾಕುತ್ತೇನೆ. ನಾವು ಮಕ್ಕಳ ಮನೆಗೆಲ್ಲ ಹೋಗಿ ಊರಿಗೆ ಬರುವಷ್ಟರಲ್ಲಿ ಇದು ನಿನ್ನ ಕೈ ಸೇರಿರಬೇಕು. ಯಾಕೆಂದರೆ ರೋಲೆಂಡ್ ಬಂದವನೇ ನಿನ್ನ ಅಡುಗೆಮನೆಯಲ್ಲಿ ಕೂತು ಹ್ಯಾಲಿಫ್ಯಾಕ್ಸ್ ಕಥೆಯನ್ನು ನಗುನಗುತ್ತಾ ಹೇಳುತ್ತಾನೆ. ನೀನೂ ನಗುತ್ತೀಯ. ಆಗ ನಾನು ಮುಖ ಎಲ್ಲಿಟ್ಟುಕೊಳ್ಳಲಿ?

ಮೊದಮೊದಲು ಎಲ್ಲ ಹಬ್ಬದಂತೆಯೇ ಇತ್ತು ಅಕ್ಕ. ಬಾಸ್ಟನ್ ಬಿಟ್ಟ ಮೇಲೆ ದಡದುದ್ದಕ್ಕೂ ಮೇಪಲ್ ಮರಗಳು ಕೆಂಪೇರಿ ನಿಂತಿದ್ದವು. ಈ ಎಲೆಗಳನ್ನು ನೋಡುವುದಕ್ಕೆಂದೇ ಜನ ಈ ತಿಂಗಳು ಹಡಗು ಹತ್ತುವುದಲ್ಲವೇ? ರೋಲೆಂಡ್ ಕಟಾಂಜನ ಹಿಡಿದು ನೋಡಿದವನು, "ನಮ್ಮ ಒಹಾಯೋದಲ್ಲೂ ಇದೇ ಮರ, ಇದೇ ಕೆಂಪು ಕಣೇ. ಆದ್ರೆ ಅಲ್ಲಿ ಬಿದ್ದಿದ್ದನ್ನ ನಾವೇ ಗುಡಿಸ್ಬೇಕು, ಇಲ್ಲಿ ಸಮುದ್ರ ಗುಡಿಸ್ಕೊಳ್ಳುತ್ತೆ" ಎಂದ. ಪಕ್ಕದಲ್ಲಿದ್ದವರೆಲ್ಲ ನಕ್ಕರು, ಇವನು ನನ್ನ ಗಂಡನೆಂದು ನನಗೂ ಹೆಮ್ಮೆಯಾಯಿತು.

ಕೆಟ್ಟದ್ದು ಊಟದ ಮೇಜಿನಲ್ಲಿ. ದಿನಾ ಸಂಜೆ ಅದೇ ಮೇಜು, ಅದೇ ಜನ. ನಮ್ಮ ಜೊತೆಗೆ ಕೂರಿಸಿದ್ದು ಕನೆಕ್ಟಿಕಟ್‌ನ ಹ್ಯಾರಿಯೆಟ್ ಮತ್ತು ಅವಳ ಗಂಡ ಕ್ಲಿಫರ್ಡನನ್ನು. ಅವನು ನಿವೃತ್ತ ದಂತವೈದ್ಯ. ಅವಳ ಕೊರಳಿನ ಮುತ್ತು, ಅವಳು ಚಮಚ ಹಿಡಿಯುವ ರೀತಿ ನೋಡಿ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. "ನಿಮ್ಮ ಯಜಮಾನ್ರು ಏನ್ ಮಾಡ್ತಿದ್ರು?" ಎಂದು ಮೊದಲ ದಿನವೇ ಕೇಳಿದಳು. "ಶಾಲೆಗಳ ಸಾರಿಗೆ ಎಲ್ಲಾ ಇವ್ರ ಕೈಲೇ ಇತ್ತು" ಎಂದೆ. ಪೂರ್ತಿ ಸುಳ್ಳಲ್ಲ ಅಕ್ಕ, ಬಸ್ಸಿನ ಸ್ಟಿಯರಿಂಗ್ ಅವನ ಕೈಯಲ್ಲೇ ಇತ್ತಲ್ಲ. ರೋಲೆಂಡ್ ನನ್ನ ಕಡೆ ತಿರುಗಿ ನೋಡಿದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಐಶ್ವರ್ಯವೂ ಬಂದಿರಲಿಲ್ಲ, ಕೊಡೆ ಮಾತ್ರ ಹಿಡಿದಿದ್ದೆ.

ಗುರುವಾರ ಎಲ್ಲರೂ ಕೋಟು, ರೇಷ್ಮೆ ತೊಟ್ಟು ಊಟಕ್ಕೆ ಬರುವ ದಿನ. ಟೈ ಕಟ್ಟಿ ರೋಲೆಂಡ್ ಮದುಮಗನಂತೆ ಕಾಣುತ್ತಿದ್ದ. ಖುಷಿಯಲ್ಲಿ ಅವನ ಬಾಯಿ ಸಡಿಲಾಯಿತು. ಸೀಗಡಿ ಸೂಪು ಬರುವ ಹೊತ್ತಿಗೆ ಸರಿಯಾಗಿ, ಒಮ್ಮೆ ಬಸ್ಸಿನಲ್ಲಿ ಮಕ್ಕಳೆಲ್ಲ ಒಬ್ಬರನ್ನು ನೋಡಿ ಒಬ್ಬರು ವಾಂತಿ ಮಾಡಿದ ಕಥೆ ಶುರುಮಾಡಿದ. "ಕೊನೇಗೆ ನನ್ನ ಟೋಪೀನೇ ಹಿಡ್ದೆ, ಅದೂ ತುಂಬ್ತು!" ಎಂದು ಮೇಜು ತಟ್ಟಿದ. ಕ್ಲಿಫರ್ಡ್ ನಕ್ಕುಬಿಟ್ಟ. ಹ್ಯಾರಿಯೆಟ್ ಮಾತ್ರ ಸೂಪಿನ ಬಟ್ಟಲನ್ನು ಆಚೆ ಸರಿಸಿ, "ಓ, ಬಸ್ ಓಡಿಸ್ತಿದ್ರಾ? ಎಷ್ಟು ಚೆನ್ನಾಗಿದೆ!" ಎಂದಳು. ಹೇಳಿದ್ದು ಅವನಿಗೆ, ನೋಡಿದ್ದು ನನ್ನ ಮುಖವನ್ನು. ನನಗೆ ನೆಲ ಬಿರಿದು ನುಂಗಬಾರದೇ ಅನಿಸಿತು. ಕೋಣೆಗೆ ಬಂದ ಮೇಲೆ ಅವನ ಜೊತೆ ಮಾತೇ ಆಡಲಿಲ್ಲ.

ಮರುದಿನ ಹಡಗು ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ನಿಂತಿತು. ರೋಲೆಂಡ್ ಎದ್ದವನೇ ಆ ಬೇಟೆಯ ಟೋಪಿ ಹಾಕಿಕೊಂಡ. ನಿನಗೆ ಗೊತ್ತಲ್ಲ, ಕಾಡಿನಲ್ಲಿ ಯಾರೂ ಜಿಂಕೆಯೆಂದು ಗುಂಡು ಹಾರಿಸದಿರಲಿ ಎಂದು ಹಾಕುವ, ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ್ದು. "ಬಾರೇ, ಬಂದರಿನ ಹತ್ರ ಮೀನಿನ ಸೂಪು ಚೆನ್ನಾಗಿ ಮಾಡ್ತಾರಂತೆ, ಇಬ್ರೂ ಕುಡ್ದು ಬರೋಣ" ಎಂದ. ತಲೆನೋವು ಎಂದೆ. ಹಣೆ ಮುಟ್ಟಿ ನೋಡಿ ಹೋದ. ಅವನು ಹೋದದ್ದೇ ತಡ, ನಾನು ಮುಖ ತೊಳೆದು ಹ್ಯಾರಿಯೆಟ್ ಜೊತೆ ಇಸ್ಪೀಟು ಆಡಲು ಮೇಲೆ ಹೋದೆ.

ನೀನು ಹಡಗು ಹತ್ತಿದವಳಲ್ಲ, ಇಲ್ಲಿನ ಒಂದು ಚಾಳಿ ಹೇಳುತ್ತೇನೆ ಕೇಳು. ಹಡಗು ಬಂದರು ಬಿಡುವ ಹೊತ್ತಿಗೆ ಜನ ಕೈಯಲ್ಲಿ ಗ್ಲಾಸು ಹಿಡಿದು ಮೇಲಿನ ಅಟ್ಟದ ಅಂಚಿಗೆ ಬಂದು ನಿಲ್ಲುತ್ತಾರೆ. ಊರು ಸುತ್ತಲು ಹೋಗಿ ತಡಮಾಡಿದವರು ಕೆಳಗೆ ಬಂದರಿನ ಕಟ್ಟೆಯ ಮೇಲೆ ಏದುಸಿರು ಬಿಡುತ್ತಾ ಓಡಿ ಬರುವುದನ್ನು ನೋಡುವುದಕ್ಕೆ. ಚಪ್ಪಾಳೆ, ಶಿಳ್ಳೆ, ಲೇವಡಿ. ಅಂಕದಲ್ಲಿ ಕಾದಾಡುವ ಕೋಳಿಗಳ ಮೇಲೆ ಬಾಜಿ ಕಟ್ಟುವವರ ಹಾಗೆ ಬಾಜಿಯನ್ನೂ ಕಟ್ಟುತ್ತಾರೆ. ಅವತ್ತು ನಾವೂ ನಿಂತೆವು.

ಹಡಗು ಜೋರಾಗಿ ಕೂಗು ಹಾಕಿತು. ಕಟ್ಟೆಯ ಆ ತುದಿಯಲ್ಲಿ ನಿಧಾನವಾಗಿ ನಡೆದು ಬರುತ್ತಿದ್ದ ಒಬ್ಬ ಮುದುಕ ಬೆಚ್ಚಿಬಿದ್ದು ಓಡತೊಡಗಿದ. ಓಟವೇ ಅದು? ಒಂದು ಕಾಲು ಎಳೆಯುತ್ತಾ, ಕೈಚೀಲ ಎದೆಗವಚಿಕೊಂಡು. "ಅಯ್ಯೋ, ಬಾತುಕೋಳಿ ನೋಡಿ!" ಎಂದಳು ಹ್ಯಾರಿಯೆಟ್. ನಾನೂ ನಕ್ಕೆ ಅಕ್ಕ, ಹೊಟ್ಟೆ ಹಿಡಿದು ನಕ್ಕೆ. ಆಮೇಲೆ ಟೋಪಿಯ ಬಣ್ಣ ಕಂಡಿತು.

ಅವನು ಮೇಲೆ ನೋಡಿದ. ಅಷ್ಟು ಜನರ ನಡುವೆ ನನ್ನನ್ನು ಹೇಗೆ ಗುರುತು ಹಿಡಿದನೋ, ಟೋಪಿ ತೆಗೆದು ಬೀಸಿದ. ಹ್ಯಾರಿಯೆಟ್‌ಗೆ ಅಷ್ಟು ಎತ್ತರದಿಂದ ಮುಖ ತಿಳಿಯಲಿಲ್ಲ. "ಹೆಂಡ್ತಿಗೆ ಕೈ ಬೀಸ್ತಿದಾನೆ ಪಾಪ. ಯಾರಪ್ಪ ಆ ಪುಣ್ಯವಂತೆ?" ಎಂದು ಸುತ್ತ ನೋಡಿದಳು. ನಾನು ಕೈ ಎತ್ತಲಿಲ್ಲ. "ಯಾರೋ ಪಾಪ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ನಾನೂ ತಟ್ಟಿದೆ. ಅವನು ಹತ್ತಿದ ಮೇಲೆಯೇ ಏಣಿ ಎಳೆದುಕೊಂಡರು.

ಹೇಗೆ ತಡವಾಯಿತೆಂದರೆ, ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಮುಂದೆ. ಗಂಟೆ ಬದಲಾಗುವ ಹಿಂದಿನ ದಿನವೇ ದಿಂಬಿನ ಮೇಲೆ ಚೀಟಿ ಇಟ್ಟು ತಿಳಿಸುತ್ತಾರೆ. ರೋಲೆಂಡ್ ಕೈಗಡಿಯಾರ ತಿರುಗಿಸಿರಲಿಲ್ಲ. ಬಸ್ ಓಡಿಸಿದ ಅಷ್ಟೂ ವರ್ಷ ಒಂದು ದಿನ ತಡಮಾಡಿದವನಲ್ಲ, ಎಲ್ಲಿಗೆ ಹೋದರೂ ಒಂದು ಗಂಟೆ ಮುಂಚೆ ಹೋಗಿ ಕೂರುವ ಆಸಾಮಿ. ಆ ಅಭ್ಯಾಸವೇ ಅವತ್ತು ಅವನನ್ನು ಕಾಪಾಡಿತು. ಇಲ್ಲದಿದ್ದರೆ ಗೊತ್ತಿಲ್ಲದ ದೇಶದ ಕಟ್ಟೆಯ ಮೇಲೆ ಒಬ್ಬನೇ ನಿಂತಿರುತ್ತಿದ್ದ.

ಸಂಜೆ ಊಟಕ್ಕೆ ಕೂತಾಗ ಅವನೇ ಬಾಯಿಬಿಟ್ಟ. "ಇವತ್ತು ನೀವೆಲ್ಲ ಚಪ್ಪಾಳೆ ತಟ್ಟಿದ್ರಲ್ಲ, ಆ ಮುದುಕ ನಾನೇ! ಗಡಿಯಾರ ತಿರುಗ್ಸೋದು ಮರ್ತೆ. ಕಾಲು ಕೈಕೊಟ್ಟಿತ್ತು, ಮೇಲ್ ನೋಡ್ತೀನಿ, ನಮ್ ನಡೀನ್ ಎಲ್ರಿಗಿಂತ ಜೋರಾಗಿ ತಟ್ತಿದಾಳೆ. ಅದಕ್ಕೇ ಓಡಿದ್ದು." ಹಾಗೆಂದು ಚೀಲದಿಂದ ಒಂದು ಡಬ್ಬಿ ತೆಗೆದು ನನ್ನ ತಟ್ಟೆಯ ಪಕ್ಕ ಇಟ್ಟ. ತಲೆನೋವಿನ ಮಾತ್ರೆ.

ಹ್ಯಾರಿಯೆಟ್ ಬ್ರೆಡ್ಡಿನ ತಟ್ಟೆಯನ್ನು ಅವನ ಕಡೆ ಸರಿಸಿದಳು, ಬೆಣ್ಣೆಯನ್ನೂ ಸರಿಸಿದಳು, ನನ್ನ ಕಡೆ ನೋಡಲಿಲ್ಲ. ಅವತ್ತಿನಿಂದ ಮಾತಾಡುವುದೆಲ್ಲ ಅವನ ಜೊತೆಗೇ. ನಾನು ಯಾರ ಮುಂದೆ ದೊಡ್ಡವಳಾಗಲು ಹೋದೆನೋ ಅವಳಿಗೇ ನಾನು ಬೇಡವಾದೆ. ಅದಿರಲಿ, ಅವಳ ಮನೆ ಹಾಳಾಗಲಿ. ರೋಲೆಂಡ್ ಆ ಚಪ್ಪಾಳೆಯನ್ನು ಪ್ರೀತಿಯೆಂದು ನಂಬಿದ್ದಾನಲ್ಲ, ಅದನ್ನು ಯಾವ ನೀರಿನಲ್ಲಿ ತೊಳೆಯಲಿ? ಅವನು ನಿನ್ನ ಮುಂದೆ ಈ ಕಥೆ ಹೇಳುವಾಗ ಜೋರಾಗಿ ನಗಬೇಡ ಅಕ್ಕ, ಅಷ್ಟು ಮಾಡು.

ನಾಚಿಕೆಗೇಡಿ ತಂಗಿ,
ನಡೀನ್

ಮರೆತದ್ದಲ್ಲ, ಬಚ್ಚಿಟ್ಟದ್ದು:

ಗಡಿಯಾರ ಅವನು ಮರೆತದ್ದಲ್ಲ ಅಕ್ಕ. ಮದುವೆಯಾದಾಗಿನಿಂದ ಅವನು ಗಡಿಯಾರದ ಕಿವಿ ಮುಟ್ಟಿದವನೇ ಅಲ್ಲ. ವಸಂತದಲ್ಲಿ ಊರಿಗೆ ಊರೇ ಗಡಿಯಾರವನ್ನು ಒಂದು ಗಂಟೆ ಮುಂದೆ, ಶರತ್ಕಾಲದಲ್ಲಿ ಹಿಂದೆ ಹಾಕುವಾಗ ಒಲೆಯದು, ಕಾರಿನದು, ಅವನ ಕೈಯದು, ಎಲ್ಲ ನನ್ನದೇ ಕೆಲಸ. ಗುರುವಾರ ಊಟದಿಂದ ಬಂದು ಚೀಟಿ ಓದಿ ನನ್ನದನ್ನು ತಿರುಗಿಸಿಕೊಂಡೆ, ಸಿಟ್ಟಿನಲ್ಲಿ ಅವನದನ್ನು ಬಿಟ್ಟೆ. ಬೆಳಿಗ್ಗೆ ಅವನು ಅದನ್ನು ಕೈಗೆ ಕಟ್ಟುವುದನ್ನು ನೋಡಿದೆ. ಬಾಯಿ ಬಿಡಲಿಲ್ಲ. ಅದು ಅವನಿಗೆ ಗೊತ್ತೋ ಇಲ್ಲವೋ, ನಾನು ಕೇಳಿಲ್ಲ.

ಈಗ ಮತ್ತೆ ದಿಂಬಿನ ಮೇಲೆ ಚೀಟಿ ಬಂದಿದೆ, ಕ್ವಿಬೆಕ್‌ಗೆ ಒಂದು ಗಂಟೆ ಹಿಂದೆ ಹಾಕಿಕೊಳ್ಳಿ ಎಂದು. ರೋಲೆಂಡ್ ಗಡಿಯಾರವನ್ನು ನನ್ನ ಕೈಗೆ ಕೊಡಲಿಲ್ಲ. ಕನ್ನಡಕ ಹಾಕಿಕೊಂಡು, ಹಾಸಿಗೆಯ ಅಂಚಿನಲ್ಲಿ ಬೆನ್ನು ತಿರುಗಿಸಿ ಕೂತು, ತಾನೇ ತಿರುಗಿಸಿದ. ಹಿಂದೆ ಹಾಕುವ ಬದಲು ಮುಂದೆ ಹಾಕಿದ್ದಾನೆ. ಊಟಕ್ಕೆ ಇನ್ನೂ ಬೇಕಾದಷ್ಟು ಹೊತ್ತಿದೆ, ಆಗಲೇ ಟೈ ಕಟ್ಟಿ ಬಾಗಿಲಲ್ಲಿ ನಿಂತಿದ್ದಾನೆ. "ಏಳೇ ನಡೀನ್, ಹೊತ್ತಾಯ್ತು. ಮತ್ತೆ ಜನ ನಗೋದು ಬೇಡ" ಅನ್ನುತ್ತಿದ್ದಾನೆ.

ಗಡಿಯಾರ ತಪ್ಪಿದೆ ಎಂದು ಹೇಳಬೇಕು. ಹೇಳಹೊರಟರೆ ಅದೊಂದನ್ನೇ ಹೇಳಿ ನಿಲ್ಲಿಸಲಾಗುವುದಿಲ್ಲ. ಲಕೋಟೆಯನ್ನು ಆಮೇಲೆ ಅಂಟಿಸುತ್ತೇನೆ ಅಕ್ಕ. ನಿನಗಿಂತ ಮೊದಲು ಇದು ಅವನಿಗೆ ಗೊತ್ತಾಗಬೇಕು, ಅಲ್ಲೇ ಬಾಗಿಲಲ್ಲಿ ಕಾಯುತ್ತಿದ್ದಾನೆ.