ಎರಡು ದಿನಕ್ಕೆಂದು ಬರೆದ ನಿಯಮ

ಫೆಬ್ರವರಿ ೩೦, ೨೧೮೭
ಅಂಚೆಕೋಣೆ, ಮುಂಗಾಳಿ ವಿದ್ಯುತ್ ಕಂಪನಿ, ಗದಗ

ಇವತ್ತು ಯಾವುದೋ ಕಂಪನಿಯ ಇಮೇಲ್ ಸರ್ವರ್ ನೋಡಿಕೊಳ್ಳುತ್ತಿರುವ ನಿಮಗೆ ಚನ್ನವೀರಮ್ಮ ಮುಳಗುಂದ ಮಾಡುವ ನಮಸ್ಕಾರಗಳು.

ತಾರೀಖು ತಪ್ಪಿಲ್ಲ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಜುಲೈ, ಆಗಸ್ಟ್ ತಿಂಗಳುಗಳು ಒಂದೊಂದು ದಿನ ಬಿಟ್ಟುಕೊಟ್ಟಿವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ತಲುಪದೆ ಹಿಂದಿರುಗಿದ ಪತ್ರ, ನೀವು ಬೌನ್ಸ್ ಎನ್ನುವುದು, ನಮಗೆ ಮರಳೋಲೆ. ಪತ್ರಗಳು ಸರದಿಗಾಗಿ ಕಾಯುವ ಕ್ಯೂ ನಮಗೆ ತಂಗುಮನೆ. ಪತ್ರವನ್ನು ತೆಗೆದುಕೊಂಡ ಸರ್ವರ್ ‘ಸ್ವೀಕರಿಸಿದೆ’ ಎಂದು ಕೊಡುವ ಉತ್ತರಕ್ಕೆ ನಿಮ್ಮವರು ಇನ್ನೂರೈವತ್ತು ಎಂಬ ಬರೀ ಅಂಕಿಯನ್ನು ಇಟ್ಟಿದ್ದಾರೆ. ನಾವು ಅದನ್ನು ಹೊಣೆಮಾತು ಎನ್ನುತ್ತೇವೆ. ಆ ಮಾತು ಆಡಿದ ಮೇಲೆ ಪತ್ರವನ್ನು ತಲುಪಿಸಬೇಕು, ಇಲ್ಲವೇ ಕಾರಣ ಹೇಳಿ ಬರೆದವರಿಗೆ ಮರಳಿಸಬೇಕು. ಈ ಕಾನೂನು ನಿಮ್ಮ ಕಾಲದ್ದೇ, ನಾವು ಹೆಸರು ಮಾತ್ರ ಬದಲಿಸಿದೆವು.

ಇಮೇಲ್ ಇನ್ನೂ ಬದುಕಿದೆಯೇ ಎಂದು ನೀವು ನಗಬಹುದು. ನಿಮ್ಮ ಕಾಲದ ಜಾಣರು ಅದಕ್ಕೆ ಆಗಲೇ ತಿಥಿ ಮಾಡಿ ಮುಗಿಸಿದ್ದರೆಂದು ಓದಿದ್ದೇನೆ. ಆದರೆ ನಿಮ್ಮ ನಂತರ ದನಿಗಳ್ಳರ ಕಾಲ ಬಂತು. ಯಾರ ದನಿಯನ್ನಾದರೂ ಯಾರ ಮುಖವನ್ನಾದರೂ ಯಂತ್ರಗಳು ನಕಲು ಮಾಡತೊಡಗಿದವು. ಫೋನಿನಲ್ಲಿ ಹೆತ್ತ ಮಗಳೇ ಮಾತಾಡಿದರೂ ತಾಯಿ ನಂಬದಂತಾಯಿತು. ಕೊನೆಗೆ ಸರ್ವರಿನ ಮೊಹರು ಬಿದ್ದ ಬರಹವೊಂದೇ ನಂಬತಕ್ಕದ್ದು ಎಂದು ಎಲ್ಲರೂ ಒಪ್ಪಿದರು. ಈಗ ನಮ್ಮಲ್ಲಿ ಗಾಳಿಯಂತ್ರ ನಿಲ್ಲಿಸುವುದಕ್ಕೂ, ಕಂಪನಿಯ ಗಾಡಿ ಹತ್ತುವುದಕ್ಕೂ, ಹೆರಿಗೆ ರಜೆಗೂ ಪತ್ರ ಬೇಕು. ನಾಲ್ಕು ಸಾವಿರ ಜನರ ಪತ್ರಗಳು ನನ್ನ ಕೋಣೆಯನ್ನು ಹಾಯ್ದು ಹೋಗುತ್ತವೆ. ಬೆಳಿಗ್ಗೆ ಬಂದವಳು ಮೊದಲು ಲಾಗ್ ಓದುತ್ತೇನೆ, ಅದೂ ಗಟ್ಟಿಯಾಗಿ: ಬಂದದ್ದೆಷ್ಟು, ತಲುಪಿದ್ದೆಷ್ಟು, ಮರಳಿದ್ದೆಷ್ಟು, ತಂಗಿದ್ದೆಷ್ಟು. ಲೆಕ್ಕ ಕೂಡಿದ ಮೇಲೆಯೇ ಚಹಾ. ಇದು ಅಂಚೆಕೋಣೆಯ ಹಳೆಯ ಪದ್ಧತಿ.

ನಾನು ಹೆಮ್ಮೆಯ ಹೆಂಗಸು, ಮುಚ್ಚಿಡುವುದಿಲ್ಲ. ಕೆಲಸಕ್ಕೆ ಸೇರಿದ ಮೂರನೆಯ ವರ್ಷಕ್ಕೇ ನನ್ನ ಲೆಕ್ಕ ಒಂದು ದಿನವೂ ತಪ್ಪುತ್ತಿಲ್ಲವೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಆಗ ಒಂದು ಮಧ್ಯಾಹ್ನ ನಲವತ್ತೊಂದನೇ ಗಾಳಿಯಂತ್ರದ ಕಾವಲಿನ ಫಕೀರವ್ವ ನನ್ನ ಬಾಗಿಲಿಗೆ ಬಂದು ನಿಂತಳು. ಗುಡ್ಡದಿಂದ ಹತ್ತೊಂಬತ್ತು ಕಿಲೋಮೀಟರ್ ನಡೆದು ಬಂದಿದ್ದಳು. ಗಾಡಿ ಹತ್ತಲು ಅಪ್ಪಣೆ ಕೇಳಿ ಪತ್ರ ಬರೆಯುವಷ್ಟು ನಂಬಿಕೆ ಅವಳಿಗೆ ಉಳಿದಿರಲಿಲ್ಲ. ಯಂತ್ರದ ಒಂದು ರೆಕ್ಕೆ ಬಿರುಕು ಬಿಟ್ಟಿದೆ, ನಿಲ್ಲಿಸಿ ಎಂದು ಹನ್ನೊಂದು ದಿನದಲ್ಲಿ ಆರು ಸಲ ಬರೆದಿದ್ದಳು. ಉತ್ತರವೂ ಇಲ್ಲ, ಮರಳೋಲೆಯೂ ಇಲ್ಲ. ಯಂತ್ರವನ್ನು ನಿಲ್ಲಿಸುವ ಬೀಗ ಗದಗಿನ ಕಚೇರಿಯಿಂದಲ್ಲದೆ ಬೀಳುವಂತಿರಲಿಲ್ಲ. ಆ ರೆಕ್ಕೆಯ ಕೆಳಗೇ ಊರಿನ ಹೆಂಗಸರು ದಿನವೂ ಮೆಣಸಿನಕಾಯಿ ಒಣಹಾಕುತ್ತಿದ್ದರು.

“ಆರು ಪತ್ರ ಬರದೀನ್ರಿ. ಆರಕ್ಕೂ ನಿಮ್ಮ ಸರ್ವರು ‘ತಗೊಂಡೀನಿ’ ಅಂದೈತಿ. ಎಲ್ಲಿ ಇಟ್ಟೀರಿ, ತಗೀರಿ” ಎಂದಳು.

ನಾನು ಲಾಗ್ ತೆರೆದೆ. ಆರೂ ಪತ್ರಗಳ ಮುಂದೆ ‘ತಲುಪಿದೆ’ ಎಂದಿತ್ತು. ಪರದೆಯನ್ನು ಅವಳ ಕಡೆ ತಿರುಗಿಸಿ, ನೋಡವ್ವಾ ಎಂದು ಬೀಗಿದೆ. ಅವಳು ಪರದೆಯನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು.

“ಅಕ್ಕಾರ, ಎಲಿ ಮ್ಯಾಲ ‘ಊಟ’ ಅಂತ ಬರದಿಟ್ರ ಹೊಟ್ಟಿ ತುಂಬತೈತೇನ್ರಿ?”

ನನ್ನ ವಿಳಾಸದಿಂದಲೇ ಕಚೇರಿಗೆ ತುರ್ತು ಪತ್ರ ಹಾಕಿದೆ. ಒಂಬತ್ತು ನಿಮಿಷಕ್ಕೆ ಯಂತ್ರ ನಿಂತಿತು. ಆಮೇಲೆ ಫಕೀರವ್ವನಿಗೆ ಕುರ್ಚಿ ಕೊಟ್ಟು ಹುಡುಕಲು ಕುಳಿತೆ. ದೋಷ ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ನಲವತ್ತೊಂದರ ವಿಳಾಸದಿಂದ ನನ್ನ ಪೆಟ್ಟಿಗೆಗೇ ‘ಕುಶಲ’ ಎಂದು ಕಳಿಸಿದೆ, ತಲುಪಿತು. ‘ರೆಕ್ಕೆ’ ಎಂದು ಕಳಿಸಿದೆ, ತಲುಪಿತು. ‘ಬಿರುಕು’ ಎಂದು ಕಳಿಸಿದೆ. ಸರ್ವರ್ ಹೊಣೆಮಾತು ಆಡಿತು, ಲಾಗ್ ‘ತಲುಪಿದೆ’ ಎಂದಿತು, ಪೆಟ್ಟಿಗೆಗೆ ಏನೂ ಬರಲಿಲ್ಲ. ಇನ್ನೊಂದು ವಿಳಾಸದಿಂದ ಅದೇ ಮಾತು ಕಳಿಸಿದರೆ ಬಂತು. ಅಲ್ಲಿಗೆ ತಂಗುಮನೆಯ ತಪ್ಪಲ್ಲ, ಜಾಲದ ತಪ್ಪೂ ಅಲ್ಲ, ಸೋಸುವ ನಿಯಮಗಳಲ್ಲೇ ಏನೋ ಇದೆ ಎಂದಾಯಿತು. ಒಂದೊಂದೇ ಸಾಲು ಓದುತ್ತ ಆರುನೂರ ಹನ್ನೆರಡನೆಯ ಸಾಲಿಗೆ ಬಂದೆ. ‘ನಲವತ್ತೊಂದರಿಂದ ಬಂದ ಪತ್ರದಲ್ಲಿ ಬಿರುಕು ಎಂದಿದ್ದರೆ ಪಾತಾಳಕ್ಕೆ. ಎರಡು ದಿನದ ಮಟ್ಟಿಗೆ.’

ಪಾತಾಳವೆಂದರೆ ತಳವಿಲ್ಲದ ಒಂದು ಪೆಟ್ಟಿಗೆ. ಒಳಗೆ ಬಿದ್ದದ್ದು ಅಳಿಸಿಹೋಗುತ್ತದೆ, ಆದರೆ ಪೆಟ್ಟಿಗೆಗೆ ಬಿತ್ತಲ್ಲ ಎಂದು ಲಾಗ್ ಅದನ್ನು ತಲುಪಿದ್ದರ ಲೆಕ್ಕಕ್ಕೇ ಸೇರಿಸುತ್ತದೆ. ಆ ಸಾಲು ಬರೆದವಳು ನಾನೇ. ಮೂರು ವಾರದ ಹಿಂದೆ ಆ ಯಂತ್ರದ ಎಚ್ಚರಿಕೆಯ ಗಂಟೆ ಕೆಟ್ಟು, ಗಂಟೆಗೆ ಒಂಬತ್ತು ಸಾವಿರ ಸುಳ್ಳು ಬಿರುಕಿನ ಪತ್ರಗಳನ್ನು ಸುರಿದು ತಂಗುಮನೆ ಕಟ್ಟಿಹೋಗಿತ್ತು. ಅದನ್ನು ಬಿಡಿಸಲು ಬರೆದ ನಿಯಮ. ಗಂಟೆ ರಿಪೇರಿಯಾಯಿತು, ನಿಯಮ ತೆಗೆಯಲು ಮರೆತೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಲ್ಲಿ ಬಿತ್ತಂತೆ. ಮರುದಿನ ರೆಕ್ಕೆ ಇಳಿಸಿ ಅಳೆದರೆ ಬಿರುಕು ಮೊಳದುದ್ದ ಇತ್ತು.

ವ್ಯವಸ್ಥಾಪಕ ಇನಾಮದಾರ ಸಾಹೇಬರು ಒಳ್ಳೆಯವರು. ಎಲ್ಲರಿಗೂ ಹೋಗಬೇಕಾದ ಪತ್ರದಲ್ಲಿ ‘ತಾಂತ್ರಿಕ ದೋಷ’ ಎಂದು ಬರೆದುಬಿಡಮ್ಮ, ಹೊಟ್ಟೆಪಾಡು ನೋಡಿಕೋ ಎಂದರು. ನಿಜ ಹೇಳುತ್ತೇನೆ, ಹಾಗೆಯೇ ಬರೆದೆ. ಕಳಿಸದೆ ಒಂದು ಇಡೀ ಮಧ್ಯಾಹ್ನ ಅದನ್ನು ನೋಡುತ್ತ ಕೂತೆ. ಕೆಲಸ ಹೋದರೆ ಬೇರೆ ಯಾವ ಅಂಚೆಕೋಣೆಯೂ ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. ಆಮೇಲೆ ಅಳಿಸಿ, ನಾಲ್ಕು ಸಾವಿರ ಜನಕ್ಕೆ ಮೂರು ಸಾಲು ಬರೆದೆ: ನಿಯಮ ನನ್ನದು. ಮರೆತವಳು ನಾನು. ಫಕೀರವ್ವನ ಆರು ಪತ್ರಗಳನ್ನು ನುಂಗಿದವಳು ನಾನು, ಚನ್ನವೀರಮ್ಮ ಮುಳಗುಂದ. ಈ ಮೂವತ್ಮೂರು ವರ್ಷದಲ್ಲಿ ನನ್ನ ಕೈಯಿಂದ ಹೋದ ಪತ್ರಗಳಲ್ಲೆಲ್ಲ ನನಗೆ ಹೆಚ್ಚು ಹೆಮ್ಮೆ ಇರುವುದು ಅದರ ಬಗ್ಗೆಯೇ.

ನನ್ನನ್ನು ತೆಗೆಯಬೇಕೋ ಇಟ್ಟುಕೊಳ್ಳಬೇಕೋ ಎಂದು ಆಡಳಿತ ಮಂಡಳಿ ಸಭೆ ಸೇರಿತು. ತೊಂದರೆ ಅನುಭವಿಸಿದವಳನ್ನೇ ಕೇಳೋಣ ಎಂದು ಫಕೀರವ್ವನನ್ನು ಕರೆಸಿದರು, ಈ ಸಲ ಗಾಡಿಯಲ್ಲಿ. ಅವಳು ನನ್ನ ಕಡೆ ತಿರುಗಿಯೂ ನೋಡದೆ ಹೇಳಿದಳು:

“ಈಕಿನ್ನ ತಗದು ಬ್ಯಾರೇದವ್ರನ್ನ ತರ್ತೀರಿ. ಅವ್ರೂ ಒಂದ್ ದಿನ ಮರೀತಾರ್ರಿ, ಮನಷ್ಯಾರ ಅಲ್ಲೇನು? ಆದ್ರ ಅವ್ರು ಹೆಸರ ಬರೀತಾರೋ ಇಲ್ಲೋ ಯಾರಿಗ್ ಗೊತ್ತು. ಈಕಿ ಬರದಾಳ. ಈಕೀನ ಇರ್ಲಿ.”

ನಾನು ಸಭೆಯಲ್ಲೇ ಅತ್ತೆ. ಅಂದೇ ಪಾತಾಳವನ್ನು ಮುಚ್ಚಿಸಿದೆ. ಈಗ ನಮ್ಮ ಸರ್ವರಿನಲ್ಲಿ ಹೆಸರು ಮತ್ತು ಆಯುಷ್ಯ ಇಲ್ಲದ ನಿಯಮವೇ ಇಲ್ಲ. ಬರೆದವರು ತಮ್ಮ ಹೆಸರಿನ ಜೊತೆ ಅದರ ಕೊನೆಯ ದಿನವನ್ನೂ ಬರೆಯಬೇಕು. ಅಂದು ಅವರೇ ಬಂದು ಮುಂದುವರಿಸದಿದ್ದರೆ ನಿಯಮ ತಾನಾಗಿ ಸಾಯುತ್ತದೆ. ಹುಬ್ಬಳ್ಳಿ, ಬೆಳಗಾವಿಯ ಅಂಚೆಕೋಣೆಗಳವರೂ ಬಂದು ಕಲಿತುಹೋದರು. ಇದಕ್ಕೆ ಫಕೀರವ್ವನ ಕಟ್ಟಳೆ ಎಂದೇ ಹೆಸರು. ಅಂದಿನಿಂದ ಮೂವತ್ತು ವರ್ಷ ನಮ್ಮಲ್ಲಿ ಒಂದೇ ಒಂದು ಪತ್ರ ಸದ್ದಿಲ್ಲದೆ ಸತ್ತಿಲ್ಲ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಸರ್ವರಿನಲ್ಲೂ ಎರಡು ದಿನಕ್ಕೆಂದು ಬರೆದು ಮರೆತ ನಿಯಮವೊಂದು ಇದ್ದೇ ಇರುತ್ತದೆ. ಲೆಕ್ಕ ಕೂಡಿತೆಂದು ಸುಮ್ಮನಿರಬೇಡಿ, ಇವತ್ತೇ ಅದನ್ನು ಹುಡುಕಿ ತೆಗೆಯಿರಿ. ನಿಮ್ಮ ಸರ್ವರ್ ‘ತೆಗೆದುಕೊಂಡೆ’ ಎಂದದ್ದನ್ನು ನಂಬಿ ಯಾರೋ ಉತ್ತರಕ್ಕೆ ಕಾಯುತ್ತಿದ್ದಾರೆ. ಅವರೆಲ್ಲ ಹತ್ತೊಂಬತ್ತು ಕಿಲೋಮೀಟರ್ ನಡೆದು ಬಂದು ಕೇಳುವವರಲ್ಲ.

ಇಂತಿ,
ಚನ್ನವೀರಮ್ಮ ಮುಳಗುಂದ