ನೆಲದಿಂದ ಏಳುವ ಪಾಠ

ನವೆಂಬರ್ 16, ಭಾನುವಾರ

ಪ್ರೀತಿಯ ಕುಳ್ಳಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಎರಡು ಕಾಗದಗಳೂ ಟೀವಿಯ ಮೇಲೆ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿವೆ. ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಿರುತ್ತೀಯ. ಆಗು, ಚಿಕ್ಕಂದಿನಿಂದಲೂ ನಿನಗೆ ಮೂಗಿನ ತುದಿಯಲ್ಲೇ ಕೋಪ. ಸಮಯವಿರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಮನಸ್ಸಿರಲಿಲ್ಲ.

ನಿಮ್ಮ ಬೀದಿಯಲ್ಲೂ ಹಿರಿಯರ ಆರೋಗ್ಯ ತರಗತಿ ಶುರುಮಾಡಬೇಕು, ಹೇಗಿರುತ್ತದೆ ಅಂತ ಕೇಳಿದ್ದೆ. ಮಾಡಿ. ಇಲ್ಲಿ ಆರೋಗ್ಯ ಕೇಂದ್ರದ ಮಹಡಿಯಲ್ಲಿ ನಡೆಯುತ್ತದೆ. ಕಲಿಸುವುದು ಒಂದನ್ನೇ, ಬಿದ್ದರೆ ಏಳುವುದು ಹೇಗೆ ಅಂತ. ಮೊದಲು ಪಕ್ಕಕ್ಕೆ ಹೊರಳಬೇಕು, ಆಮೇಲೆ ಅಂಬೆಗಾಲು, ಆಮೇಲೆ ಕುರ್ಚಿ ಹಿಡಿದು ಒಂದು ಕಾಲೂರಿ ಮೇಲೇಳಬೇಕು. ಇಡೀ ಜೀವಮಾನ ಮಕ್ಕಳಿಗೆ ಕೂರು, ಏಳು ಅಂತ ಗದರಿದ ನನ್ನಂಥ ಡ್ರಿಲ್ ಟೀಚರಿಗೆ ಯಾರೋ ಅಂಬೆಗಾಲು ಹೇಳಿಕೊಡುವುದೆಂದರೆ! ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಜೊತೆಗಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಕುರ್ಚಿಯ ಕಡೆ ತೆವಳುವುದನ್ನು ನೀನು ನೋಡಬೇಕಿತ್ತು. ಕೆಲವೇ ವಾರಗಳಲ್ಲಿ ತರಗತಿಗೆ ನಾನೇ ಮೊದಲಾದೆ. ನನ್ನ ಫೋಟೋ ಕೇಂದ್ರದ ಗೋಡೆಯ ಮೇಲಿದೆ, ಕುರ್ಚಿ ಹಿಡಿದು ಹಲ್ಲು ಕಿರಿಯುತ್ತಿದ್ದೇನೆ.

ನಿನ್ನ ಭಾವ ಮಾತ್ರ ಆ ಕಡೆ ತಲೆ ಹಾಕಲಿಲ್ಲ. "ಹೊಲಿಗೆ ಮಿಷನ್ ತುಳಿದೇ ಬದುಕಿದೋನು ನಾನು. ನನ್ನ ಕಾಲಿಗೇನು ಪಾಠ?" ಅಂದರು. ಬೇಸಿಗೆಯಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆದು ಎಡಭಾಗ ಹೋದದ್ದು ನಿನಗೆ ಗೊತ್ತು. ಬಲಗೈ, ಬಲಗಾಲು ಉಳಿದುಕೊಂಡವು.

ಆಮೇಲಿನದು ನಿನಗೆ ಗೊತ್ತಿಲ್ಲ. ಆಗಸ್ಟ್ ಕೊನೆಯಲ್ಲಿ ಅವರು ಬಚ್ಚಲಲ್ಲಿ ಬಿದ್ದರು. ಎಬ್ಬಿಸಲು ಹೋಗಿ ನಾನೂ ಪಕ್ಕದಲ್ಲೇ ಕುಸಿದೆ. ಕಲಿತ ಪಾಠ ಕೈಬಿಡಲಿಲ್ಲ, ಹೊರಳಿ, ಅಂಬೆಗಾಲಿಟ್ಟು ಎದ್ದು ನಿಂತೆ. ಅವರು ಕೆಳಗೇ ಇದ್ದರು. ಎದುರುಮನೆಯ ಬಡಗಿ ಬಂದು ಎತ್ತುವವರೆಗೂ ಒದ್ದೆ ನೆಲದ ಮೇಲೆ ಮಲಗಿ ನನ್ನನ್ನೇ ನೋಡುತ್ತಿದ್ದರು. ಮಾರನೆಯ ದಿನ ತರಬೇತುದಾರನಿಗೆ, "ಇನ್ನೊಬ್ರನ್ನ ಎಬ್ಬಿಸೋದು ಹೇಳ್ಕೊಡಪ್ಪ" ಅಂದೆ. ಪಾಪ, ತಲೆ ಕೆರೆದುಕೊಂಡ. "ಅದು ನಮ್ಮ ಪಾಠದಲ್ಲಿ ಬರಲ್ಲಮ್ಮ. ನಿಮ್ಮ ಸೊಂಟ ಹೋಗ್ಬಿಡುತ್ತೆ. ಯಾರನ್ನಾದ್ರೂ ಕರೀರಿ." ಮನೆಯಲ್ಲಿರುವುದು ನಾವಿಬ್ಬರೇ, ಯಾರನ್ನು ಕರೆಯಲಿ?

ಮನೆಗೆ ಬಂದು ನೋಡಿಹೋಗುವ ನರ್ಸಿನ ಕಿವಿಗೂ ವಿಷಯ ಬಿತ್ತು. ಒಳ್ಳೆಯ ಹೆಂಗಸು, ಆದರೆ ಮುಚ್ಚುಮರೆಯಿಲ್ಲ. "ಇವ್ರನ್ನ ಕುರ್ಚಿಯಿಂದ ಮಂಚಕ್ಕೆ ನೀವೊಬ್ರೇ ದಾಟಿಸೋದನ್ನ ನಾನು ನೋಡ್ಬೇಕು. ಆಗ್ಲಿಲ್ಲಾಂದ್ರೆ ಮನೇಲಿ ಬಿಡೋ ಹಾಗಿಲ್ಲ, ಆರೈಕೆ ಕೇಂದ್ರಕ್ಕೇ ಕಳಿಸ್ಬೇಕು. ಮುಂದಿನ ವಾರ ಬರ್ತೀನಿ" ಅಂದಳು.

ಪರೀಕ್ಷೆಗೆ ಕೂರುವ ಮಕ್ಕಳಂತೆ ನಾವಿಬ್ಬರೂ ಅಭ್ಯಾಸಕ್ಕೆ ಬಿದ್ದೆವು. ಅವರೇ ಹಿಂದೆ ಹೊಲಿದಿಟ್ಟಿದ್ದ ದಪ್ಪ ಬಟ್ಟೆಯ ಪಟ್ಟಿಯನ್ನು ಅವರ ಸೊಂಟಕ್ಕೆ ಬಿಗಿದು, ಹಿಡಿದು, "ತುಳೀರಿ" ಅನ್ನುತ್ತಿದ್ದೆ. ಬಲಗಾಲು ಒತ್ತಿ ಮೇಲೇಳುತ್ತಿದ್ದರು, ತಿರುಗಿ ಮಂಚದ ಮೇಲೆ ಕೂರುತ್ತಿದ್ದರು. "ಟೀಚರೇ, ನಾನು ಪಾಸಾ ಫೇಲಾ?" ಅಂತ ಸೊಟ್ಟಗಾದ ಬಾಯಲ್ಲೇ ಛೇಡಿಸುತ್ತಿದ್ದರು. ನರ್ಸ್ ಬರುವ ಹಿಂದಿನ ದಿನ ನನ್ನ ಸೊಂಟ ಹಿಡಿದುಕೊಂಡು ಜೀವ ಬಾಯಿಗೆ ಬಂತು. ಗೋಡೆಗೆ ಒರಗಿ ಕಣ್ಣೊರೆಸಿಕೊಂಡೆ. ಅವರು ಕಿಟಕಿಯ ಕಡೆ ನೋಡುತ್ತಿದ್ದಾರೆ ಅಂದುಕೊಂಡಿದ್ದೆ.

ನರ್ಸ್ ಬಂದಳು. ಆಗಲಿಲ್ಲ. ಎರಡು ಸಲವೂ ಅವರು ಕುರ್ಚಿಗೇ ಕುಸಿದರು. ಆ ವಾರವೇ ಗಾಡಿ ಬಂದು ಕರೆದುಕೊಂಡು ಹೋಯಿತು. ಅಲ್ಲಿ ಸಾಲು ಮಂಚಗಳು, ಕಿಟಕಿ ಎತ್ತರದಲ್ಲಿದೆ. ಬಿದ್ದಾರೆಂಬ ಹೆದರಿಕೆಗೆ ಯಾರನ್ನೂ ನಡೆಸುವುದಿಲ್ಲ, ಎಲ್ಲರನ್ನೂ ಮಲಗಿಸಿಯೇ ಇಡುತ್ತಾರೆ. ಅವರ ಬಲಗಾಲೂ ಈಗ ಸೊರಗಿದೆ, ಮುಟ್ಟಿದರೆ ಮೂಳೆ ಸಿಗುತ್ತದೆ. ಇನ್ನು ಅವರು ಎದ್ದು ಮನೆಗೆ ಬರುವುದಿಲ್ಲ ಕುಳ್ಳಿ. ಸಮಾಧಾನದ ಮಾತು ಬರೆಯಬೇಡ, ನನಗೆ ಓದಲಾಗುವುದಿಲ್ಲ.

ತರಗತಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಗೋಡೆಯ ಮೇಲಿನ ಫೋಟೋ ತೆಗೆಯಿರಿ ಅಂದೆ, ಚೆನ್ನಾಗಿದೆ ಇರಲಿ ಅಂದರು. ನಿನ್ನ ಮೊಣಕಾಲು ಜೋಪಾನ. ಮಕ್ಕಳಿಗೆ ನನ್ನ ಆಶೀರ್ವಾದ. ನೀನೂ ನಿನ್ನ ಯಜಮಾನರೂ ಬಹುಕಾಲ ಒಟ್ಟಿಗೆ ಕೂತು ಒಟ್ಟಿಗೆ ಏಳುವಂತಾಗಲಿ.

ನಿನ್ನ,
ಅಕ್ಕ

ತಾ.ಕ.: ಇದನ್ನು ಓದಿ ಹರಿದುಹಾಕು. ನರ್ಸ್ ಬಂದ ದಿನ ಅವರು ತುಳಿಯಲೇ ಇಲ್ಲ. ಆ ಕಾಲು ಮಿಷನ್ ತುಳಿಯುವ ಸದ್ದು ಕೇಳುತ್ತಲೇ ಮುದುಕಿಯಾದವಳು ನಾನು, ಅದು ಒತ್ತಿತೋ ಇಲ್ಲವೋ ನನಗೆ ತಿಳಿಯದೆ? ಪಾದ ನೆಲದ ಮೇಲೆ ಸುಮ್ಮನೆ ಇತ್ತು. "ಯಾಕ್ರೀ?" ಅಂತ ಕಿವಿಯಲ್ಲಿ ಕೇಳಿದೆ. "ಕಾಲು ಬರ್ಲಿಲ್ಲ ಕಣೇ" ಅಂದು, ಬಲಗೈಯನ್ನು ನನ್ನ ಸೊಂಟದ ಮೇಲಿಟ್ಟರು, ಸರಿಯಾಗಿ ನೋವಿದ್ದ ಜಾಗದಲ್ಲೇ. ನರ್ಸ್ ಕೇಳಿದಳು, "ಇನ್ನೊಂದ್ಸಲ ನೋಡೋಣ್ವಾ ಅಮ್ಮ?" ಸಾಕು ಅಂದೆ.